ಇಪ್ಪತ್ತು ಡಾಲರಿನ ನಾಣ್ಯಕ್ಕೆ ಕೋಟಿಗಳ ಕೂಗು

ಅಕ್ಕಿಗಿಷ್ಟು, ಅರಿವೆಗಿಷ್ಟು, ಮನೆಗಿಷ್ಟು ಎಂದು ಸಕಲ ಪದಾರ್ಥಗಳಿಗೂ ದುಡ್ಡಿನಿಂದ ಬೆಲೆ ಕಟ್ಟುವುದು ಲೋಕರೂಢಿ. ಆದರೆ ಆ ದುಡ್ಡನ್ನೇ ಮೇಜಿನ ಮೇಲಿರಿಸಿ ‘ಇದಕ್ಕೆಷ್ಟು?’ ಎಂದು ಕೇಳುವ ವಿಲಕ್ಷಣವಾದ ಸಂತೆಯೊಂದು ಪ್ರಪಂಚದಲ್ಲುಂಟು. ಅಲ್ಲಿ ಒಂದು ರೂಪಾಯಿ ಒಂದೇ ರೂಪಾಯಿಗೆ ಬಿಕರಿಯಾಗುವುದಿಲ್ಲ. ಚಲಾವಣೆ ಕಳೆದುಕೊಂಡ ಕಾಗದದ ಚೂರಿಗೆ ಒಂದು ಸಂಸಾರದ ವರ್ಷದ ಖರ್ಚಿನಷ್ಟು ಬೆಲೆ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಇದೇ ನಾಣ್ಯ ಮತ್ತು ನೋಟುಗಳ ಹರಾಜು. ಲಂಡನ್, ನ್ಯೂಯಾರ್ಕ್, ಜಿನೀವಾ ನಗರಗಳಲ್ಲಿ ನಡೆಯುವಂತೆ ಮುಂಬಯಿ, ಬೆಂಗಳೂರುಗಳಲ್ಲಿಯೂ ಇಂಥ ಹರಾಜುಗಳು ನಡೆಯುತ್ತವೆ.

ಹರಾಜಿಗೆ ಮುನ್ನ ಸಚಿತ್ರವಾದ ಪಟ್ಟಿಯೊಂದು ಅಚ್ಚಾಗಿ ಸಂಗ್ರಾಹಕರ ಕೈಸೇರುತ್ತದೆ. ಪ್ರತಿಯೊಂದು ನಾಣ್ಯಕ್ಕೂ ಅದರಲ್ಲಿ ಒಂದು ಕ್ರಮಸಂಖ್ಯೆ. ಅದನ್ನು ಅಚ್ಚುಹಾಕಿಸಿದ ಅರಸು, ಟಂಕಸಾಲೆ, ವರ್ಷ, ತೂಕ, ಈಗಿನ ಸ್ಥಿತಿ, ಹಿಂದೆ ಯಾರ ಸಂಗ್ರಹದಲ್ಲಿತ್ತೆಂಬ ವಂಶಾವಳಿ, ಬರಬಹುದಾದ ಬೆಲೆಯ ಅಂದಾಜು — ಇಷ್ಟೂ ವಿವರ. ನಮ್ಮ ದೇಶದ ಪಟ್ಟಿಗಳನ್ನು ತೆರೆದರೆ ವಿಜಯನಗರದ ವರಹ, ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರಾಯಿ ಹಣ, ಟೀಪೂ ಸುಲ್ತಾನನ ಆನೆಯ ಮುದ್ರೆಯ ತಾಮ್ರದ ಕಾಸು ಮೊದಲಾದುವು ಕಣ್ಣಿಗೆ ಬೀಳುತ್ತವೆ. ನಿಶ್ಚಯವಾದ ದಿನ ಕೂಗು ಮೊದಲಾಗುತ್ತದೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಸುತ್ತಿಗೆ ಬೀಳುತ್ತದೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜು ಸಂಸ್ಥೆಯ ದಸ್ತೂರಿಯನ್ನೂ ಕೊಂಡವನೇ ತೆರಬೇಕು.

ಅಪೂರ್ವತೆ ಹುಟ್ಟುವ ಬಗೆ

ಹಳೆಯದೆಲ್ಲ ಬೆಲೆಯುಳ್ಳದ್ದೆಂಬ ಭ್ರಾಂತಿ ಅನೇಕರಿಗಿದೆ. ನಿಜಸ್ಥಿತಿ ಬೇರೆ. ಸಾವಿರ ವರ್ಷ ಹಳೆಯದಾದ ತಾಮ್ರದ ಕಾಸು ಮಣ್ಣಿನೊಳಗಿಂದ ರಾಶಿರಾಶಿಯಾಗಿ ದೊರೆತಿದ್ದರೆ ಅದು ಅಗ್ಗ. ನೂರು ವರ್ಷ ತುಂಬದ ನಾಣ್ಯ ನಾಲ್ಕೇ ನಾಲ್ಕು ಉಳಿದಿದ್ದರೆ ಅದು ದುಬಾರಿ. ಅಪೂರ್ವತೆಯನ್ನು ತಂದುಕೊಡುವುದು ಅನೇಕ ವೇಳೆ ಯಾರೋ ಮಾಡಿದ ತಪ್ಪು, ಇಲ್ಲವೆ ಯಾವುದೋ ಸರ್ಕಾರದ ಆಜ್ಞೆ.

1911ರಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರವಿದ್ದ ಹೊಸ ಬೆಳ್ಳಿ ರೂಪಾಯಿ ಭಾರತದಲ್ಲಿ ಹೊರಬಂದಿತು. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯ ಲಾಂಛನ. ಕೆತ್ತಿದವನ ಕೈಯಲ್ಲಿ ಸೊಂಡಿಲು ಗಿಡ್ಡವಾಯಿತು. ನೋಡಿದವರ ಕಣ್ಣಿಗೆ ಆನೆ ಹಂದಿಯಂತೆ ಕಂಡಿತು. ಜನ ಸಿಟ್ಟಿಗೆದ್ದರು. ಸರ್ಕಾರ ಅವಸರವಸರವಾಗಿ ಚಿತ್ರವನ್ನು ತಿದ್ದಿಸಿ ಆನೆಗೆ ಒಪ್ಪುವ ಸೊಂಡಿಲನ್ನು ಕೊಡಿಸಿತು. ಅಂದು ಜನ ಮುಟ್ಟಲು ಹೇಸಿದ ಆ ‘ಹಂದಿ ರೂಪಾಯಿ’ಯನ್ನು ಇಂದು ಸಂಗ್ರಾಹಕರು ಮುಗಿಬಿದ್ದು ಕೊಳ್ಳುತ್ತಾರೆ!

ಗರುಡನ ಜನ್ಮವೃತ್ತಾಂತ

ನಾಣ್ಯಗಳ ಹರಾಜಿನ ಚರಿತ್ರೆಯಲ್ಲಿ ಅತ್ಯಂತ ರೋಮಾಂಚಕವಾದ ಅಧ್ಯಾಯವೆಂದರೆ ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯದ್ದು. ಅಲ್ಲಿ ಹತ್ತು ಡಾಲರಿನ ಚಿನ್ನದ ನಾಣ್ಯವನ್ನು ‘ಈಗಲ್’, ಎಂದರೆ ಗರುಡ, ಎಂದು ಕರೆಯುತ್ತಿದ್ದರು. ಇಪ್ಪತ್ತರದು ಅದರ ಇಮ್ಮಡಿಯಾದ್ದರಿಂದ ‘ಡಬಲ್ ಈಗಲ್’. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ತಮ್ಮ ದೇಶದ ನಾಣ್ಯಗಳು ಪ್ರಾಚೀನ ಗ್ರೀಕರ ನಾಣ್ಯಗಳಂತೆ ಸುಂದರವಾಗಿರಬೇಕೆಂದು ಬಯಸಿ, ಆ ಕಾಲದ ಸುಪ್ರಸಿದ್ಧ ಶಿಲ್ಪಿ ಅಗಸ್ಟಸ್ ಸೇಂಟ್-ಗಾಡನ್ಸ್‌ಗೆ ಆ ಕೆಲಸವನ್ನು ಒಪ್ಪಿಸಿದರು. ಒಂದು ಮಗ್ಗುಲಲ್ಲಿ ಪಂಜು ಹಿಡಿದು ಮುಂದಡಿಯಿಡುತ್ತಿರುವ ಸ್ವಾತಂತ್ರ್ಯದೇವಿ. ಇನ್ನೊಂದರಲ್ಲಿ ಉದಯಸೂರ್ಯನ ಮೇಲೆ ಹಾರುತ್ತಿರುವ ಗರುಡ. 1907ರಲ್ಲಿ ನಾಣ್ಯ ಜನರ ಕೈಗೆ ಬರುವ ವೇಳೆಗೆ ಶಿಲ್ಪಿ ಕಾಲವಾಗಿದ್ದ. ಒಂದೊಂದರ ತೂಕ ಮೂವತ್ತಮೂರೂವರೆ ಗ್ರಾಮು, ಹಳೆಯ ಲೆಕ್ಕದಲ್ಲಿ ಮೂರು ತೊಲಕ್ಕೆ ತುಸು ಕಡಿಮೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಅಪ್ಪಟ ಚಿನ್ನ.

1933ರ ಮಾರ್ಚಿಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು ಅಧ್ಯಕ್ಷ ಪೀಠವನ್ನೇರಿದಾಗ ಅಮೆರಿಕದ ಆರ್ಥಿಕ ಸ್ಥಿತಿ ಶೋಚನೀಯವಾಗಿತ್ತು. ಬ್ಯಾಂಕುಗಳು ಒಂದರ ಮೇಲೊಂದು ಉರುಳುತ್ತಿದ್ದುವು. ಹೆದರಿದ ಜನ ಚಿನ್ನವನ್ನು ಹಿಂತೆಗೆದು ಮನೆಯಲ್ಲಿ ಬಚ್ಚಿಡುತ್ತಿದ್ದರು. ಏಪ್ರಿಲ್ 5ರಂದು ಅಧ್ಯಕ್ಷರು ಒಂದು ಆಜ್ಞೆ ಹೊರಡಿಸಿದರು. ಅಪೂರ್ವ ನಾಣ್ಯಗಳನ್ನೂ ತಲೆಗೆ ನೂರು ಡಾಲರಿನಷ್ಟು ಚಿನ್ನದ ನಾಣ್ಯಗಳನ್ನೂ ಬಿಟ್ಟು ಉಳಿದ ಚಿನ್ನವನ್ನು ಜನರು ಮೇ 1ರೊಳಗಾಗಿ ಬ್ಯಾಂಕುಗಳಿಗೆ ಒಪ್ಪಿಸತಕ್ಕದ್ದು ಎಂಬುದು ಅದರ ಸಾರಾಂಶ.

ಚೋದ್ಯವೆಂದರೆ, ಇತ್ತ ಜನರಿಂದ ಚಿನ್ನದ ನಾಣ್ಯಗಳನ್ನು ಹಿಂದಕ್ಕೆ ಪಡೆಯುತ್ತಿದ್ದ ಹೊತ್ತಿನಲ್ಲೇ ಅತ್ತ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಹೊಸ ನಾಣ್ಯಗಳ ಅಚ್ಚು ನಡೆದೇ ಇತ್ತು. 1933ರ ವರ್ಷಾಂಕವುಳ್ಳ 4,45,500 ಡಬಲ್ ಈಗಲ್‌ಗಳು ತಯಾರಾದುವು. ಒಂದನ್ನೂ ಚಲಾವಣೆಗೆ ಬಿಡಲಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಕ್ಕೆ ಎರಡನ್ನು ಕಳುಹಿಸಿ, ಉಳಿದುವನ್ನು 1937ರಲ್ಲಿ ಕರಗಿಸಿ ಗಟ್ಟಿ ಮಾಡಿದರು. ಹುಟ್ಟಿದ ಮನೆಯಲ್ಲೇ ಮಡಿದ ನಾಣ್ಯಗಳು ಅವು. ಎಲ್ಲವೂ ಮಡಿದುವೆಂದೇ ಸರ್ಕಾರ ನಂಬಿತ್ತು.

ಅರಸನ ಕೈಸೇರಿದ ಗರುಡ

1944ರಲ್ಲಿ ನ್ಯೂಯಾರ್ಕಿನ ಹರಾಜಿನ ಪಟ್ಟಿಯೊಂದರಲ್ಲಿ 1933ರ ಡಬಲ್ ಈಗಲ್ ಕಾಣಿಸಿಕೊಂಡಿತು. ಪತ್ರಕರ್ತನೊಬ್ಬ, ಇಂಥವು ಎಷ್ಟು ಹೊರಬಂದಿವೆಯೆಂದು ಟಂಕಸಾಲೆಯನ್ನು ವಿಚಾರಿಸಿದ. ಅಧಿಕಾರಿಗಳು ದಫ್ತರಗಳನ್ನು ತಿರುವಿಹಾಕಿ ಬೆಚ್ಚಿಬಿದ್ದರು. ಲೆಕ್ಕದ ಪ್ರಕಾರ ಒಂದೂ ಹೊರಬಂದಿರಲಿಲ್ಲ! ಗುಪ್ತಚರ ಇಲಾಖೆ ಬೆನ್ನುಹತ್ತಿತು. ಜಾಡು ಹಿಡಿದು ಹೋದಂತೆಲ್ಲ ಎಳೆಗಳು ಫಿಲಡೆಲ್ಫಿಯಾದ ಒಬ್ಬ ಆಭರಣ ವ್ಯಾಪಾರಿಯ ಅಂಗಡಿಯನ್ನೇ ಸೇರಿದುವು. ಟಂಕಸಾಲೆಯ ಒಳಗಿನವರೇ ಯಾರೋ ನಾಣ್ಯಗಳನ್ನು ಸಾಗಿಸಿರಬೇಕೆಂದು ಸರ್ಕಾರ ಅನುಮಾನಿಸಿತು. ಆದರೆ ಮೊಕದ್ದಮೆ ಹೂಡುವ ಕಾಲಾವಧಿ ಮೀರಿಹೋಗಿದ್ದುದರಿಂದ ವ್ಯಾಪಾರಿಗೆ ಶಿಕ್ಷೆಯಾಗಲಿಲ್ಲ. ಸಂಗ್ರಾಹಕರ ಕೈಸೇರಿದ್ದ ಒಂಬತ್ತು ನಾಣ್ಯಗಳನ್ನು ಮಾತ್ರ ಸರ್ಕಾರ ಮುಂದಿನ ಕೆಲವು ವರ್ಷಗಳಲ್ಲಿ ವಶಪಡಿಸಿಕೊಂಡು ಕರಗಿಸಿತು.

ಹತ್ತನೆಯದೊಂದು ಅಷ್ಟರಲ್ಲಿ ಕಡಲು ದಾಟಿತ್ತು. ಈಜಿಪ್ಟಿನ ದೊರೆ ಫಾರೂಕನಿಗೆ ಸಂಗ್ರಹದ ಹುಚ್ಚು ವಿಪರೀತ. ಟೆಕ್ಸಾಸಿನ ವ್ಯಾಪಾರಿಯೊಬ್ಬನಿಂದ ಆತ ಈ ನಾಣ್ಯವನ್ನು ಕೊಂಡ. ಅದನ್ನು ದೇಶದಿಂದ ಹೊರಗೆ ಒಯ್ಯಲು ಅಮೆರಿಕದ ಖಜಾನೆ ಇಲಾಖೆ 1944ರ ಫೆಬ್ರವರಿ 29ರಂದು ಕ್ರಮಬದ್ಧವಾಗಿ ಪರವಾನಗಿ ಕೊಟ್ಟಿತು. ಪತ್ರಕರ್ತನ ಪ್ರಶ್ನೆ ಕೆಲವು ದಿನ ಮೊದಲೇ ಬಂದಿದ್ದರೆ ಆ ಪರವಾನಗಿ ಹುಟ್ಟುತ್ತಲೇ ಇರಲಿಲ್ಲ.

1952ರಲ್ಲಿ ಸೈನಿಕ ಕ್ರಾಂತಿಯಾಗಿ ಫಾರೂಕ್ ಸಿಂಹಾಸನವನ್ನು ಕಳೆದುಕೊಂಡ. ಆತನ ಅರಮನೆಯ ಸಂಗ್ರಹಗಳನ್ನು ಹೊಸ ಸರ್ಕಾರ 1954ರಲ್ಲಿ ಕೈರೋದಲ್ಲಿ ಹರಾಜಿಗಿಟ್ಟಿತು. ಪಟ್ಟಿಯಲ್ಲಿ ಆ ಡಬಲ್ ಈಗಲ್ ಕೂಡ ಇತ್ತು. ಅಮೆರಿಕ ತನ್ನ ನಾಣ್ಯವನ್ನು ಮರಳಿ ಕೇಳಿತು; ಈಜಿಪ್ಟಿನವರು ಅದನ್ನು ಹರಾಜಿನಿಂದ ಹಿಂದೆಗೆದರು. ಅನಂತರ ಅದು ಎಲ್ಲಿ ಅಡಗಿತೋ, ನಾಲ್ಕು ದಶಕಗಳ ಕಾಲ ಸುಳಿವೇ ಇಲ್ಲ.

1996ರಲ್ಲಿ ಲಂಡನ್ನಿನ ಒಬ್ಬ ನಾಣ್ಯ ವ್ಯಾಪಾರಿ ನ್ಯೂಯಾರ್ಕಿನ ಪ್ರಸಿದ್ಧ ಹೋಟೆಲೊಂದರಲ್ಲಿ ಈ ನಾಣ್ಯವನ್ನು ಮಾರಲು ಕುಳಿತ. ಕೊಳ್ಳುವ ಸೋಗಿನಲ್ಲಿ ಬಂದವರು ಗುಪ್ತಚರರು! ವ್ಯಾಪಾರಿಯ ಬಂಧನವಾಯಿತು, ನಾಣ್ಯ ಜಪ್ತಿಯಾಯಿತು. ಇದು ಫಾರೂಕನ ನಾಣ್ಯವೆಂದೂ, ಸರ್ಕಾರವೇ ಅದಕ್ಕೆ ಪರವಾನಗಿ ಕೊಟ್ಟಿತ್ತೆಂದೂ ಆತ ವಾದಿಸಿದ. ಹಳೆಯ ಆ ಕಾಗದ ಸರ್ಕಾರದ ಬಾಯಿ ಕಟ್ಟಿತು. 2001ರಲ್ಲಿ ರಾಜಿಯಾಯಿತು: ನಾಣ್ಯವನ್ನು ಹರಾಜು ಹಾಕಿ ಬಂದ ಹಣವನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ಮೊಕದ್ದಮೆ ನಡೆದಷ್ಟು ಕಾಲವೂ ನಾಣ್ಯವನ್ನು ಇರಿಸಿದ್ದುದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಕಟ್ಟಡವೊಂದರಲ್ಲಿ. ಅಲ್ಲಿಂದ ಅದನ್ನು ಫೋರ್ಟ್ ನಾಕ್ಸ್ ಕೋಟೆಗೆ ಸಾಗಿಸಿದ್ದು 2001ರ ಜುಲೈಯಲ್ಲಿ. ಎರಡು ತಿಂಗಳಲ್ಲಿ, ಸೆಪ್ಟೆಂಬರ್ 11ರಂದು, ಆ ಕಟ್ಟಡ ನೆಲಕ್ಕೆ ಕುಸಿಯಿತು.

2002ರ ಜುಲೈ 30ರಂದು ನ್ಯೂಯಾರ್ಕಿನಲ್ಲಿ ಹರಾಜು ನಡೆಯಿತು. 66 ಲಕ್ಷ ಡಾಲರಿಗೆ ಸುತ್ತಿಗೆ ಬಿತ್ತು. ದಸ್ತೂರಿ ಸೇರಿ 75 ಲಕ್ಷ 90 ಸಾವಿರ. ಅದರ ಮೇಲೆ ಇನ್ನೂ ಇಪ್ಪತ್ತು ಡಾಲರು ಕೊಡಬೇಕೆಂದಿತು ಸರ್ಕಾರ! ಕಾರಣವುಂಟು. ಟಂಕಸಾಲೆಯಿಂದ ವಿಧ್ಯುಕ್ತವಾಗಿ ಹೊರಬೀಳದ ನಾಣ್ಯ ಕಾನೂನಿನ ಕಣ್ಣಿಗೆ ಹಣವೇ ಅಲ್ಲ. ಮುಖಬೆಲೆಯನ್ನು ಸಲ್ಲಿಸಿದ ಮೇಲೆಯೇ ಅದು ಹಣವಾಯಿತು. ಹುಟ್ಟಿದ ಅರುವತ್ತೊಂಬತ್ತು ವರ್ಷಗಳ ಮೇಲೆ ಅದಕ್ಕೆ ನಾಮಕರಣ! ಅಂದು ಕೊಂಡವನ ಹೆಸರು ಗುಟ್ಟಾಗಿಯೇ ಉಳಿಯಿತು. ಪಾದರಕ್ಷೆಗಳ ವಿನ್ಯಾಸಕಾರ ಸ್ಟುವರ್ಟ್ ವೈಟ್ಸ್‌ಮನ್ ಎಂಬುದು ಬೆಳಕಿಗೆ ಬಂದದ್ದು ಆತ ಅದನ್ನು ಮಾರಲು ಹೊರಟಾಗ. 2021ರ ಜೂನ್ 8ರಂದು ಅದೇ ನಾಣ್ಯ 1 ಕೋಟಿ 88 ಲಕ್ಷ 72 ಸಾವಿರದ 250 ಡಾಲರಿಗೆ ಮಾರಾಟವಾಯಿತು.

ಇನ್ನು ಹತ್ತು ಗರುಡಗಳು

ಕಥೆಯ ಕಹಿ ಭಾಗ ಇನ್ನೂ ಉಳಿದಿದೆ. ಆ ಫಿಲಡೆಲ್ಫಿಯಾದ ವ್ಯಾಪಾರಿಯ ಮಗಳು, ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2003ರಲ್ಲಿ ಬ್ಯಾಂಕಿನ ಭದ್ರ ಪೆಟ್ಟಿಗೆಯೊಂದರಲ್ಲಿ ಅದೇ ವರ್ಷದ ಹತ್ತು ಡಬಲ್ ಈಗಲ್‌ಗಳು ಸಿಕ್ಕಿದುವೆಂದು ತಿಳಿಸಿದಳು. ಅಸಲಿಯೋ ನಕಲಿಯೋ ನೋಡಿ ಹೇಳಿರೆಂದು ಟಂಕಸಾಲೆಗೇ ಒಪ್ಪಿಸಿದಳು. ಅಧಿಕಾರಿಗಳು ಪರೀಕ್ಷಿಸಿ ಅಸಲಿಯೆಂದರು. ಕಳವಾದ ಸರ್ಕಾರಿ ಸ್ವತ್ತೆಂದು ಹೇಳಿ ಇಟ್ಟುಕೊಂಡರು. ಸಂಸಾರ ನ್ಯಾಯಾಲಯದ ಮೆಟ್ಟಿಲೇರಿತು. 2011ರಲ್ಲಿ ಜೂರಿ ಸರ್ಕಾರದ ಪರ ನುಡಿಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ, ಜಪ್ತಿಯ ವಿಧಿಯನ್ನು ಸರ್ಕಾರ ಸಕಾಲದಲ್ಲಿ ಪಾಲಿಸಲಿಲ್ಲವೆಂದು ಸಂಸಾರದ ಪರ ತೀರ್ಪಿತ್ತಿತು. ಮರುವರ್ಷ ಅದೇ ನ್ಯಾಯಾಲಯದ ಪೂರ್ಣಪೀಠ ಅದನ್ನು ತಳ್ಳಿಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಹತ್ತೂ ನಾಣ್ಯಗಳು ಸರ್ಕಾರದ ಪಾಲಾದುವು.

ಇಲ್ಲಿರುವ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಒಂದೇ ಟಂಕಸಾಲೆಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ಚಿನ್ನದಿಂದ ಹುಟ್ಟಿದ ನಾಣ್ಯಗಳಲ್ಲಿ ಒಂದು ಕೋಟಿಗಟ್ಟಲೆ ಬಾಳುತ್ತದೆ. ಮಿಕ್ಕ ಹತ್ತನ್ನು ಮನೆಯವರು ಮುಟ್ಟುವಂತೆಯೂ ಇಲ್ಲ. ವ್ಯತ್ಯಾಸವಿರುವುದು ಚಿನ್ನದಲ್ಲಿ ಅಲ್ಲ. ಇಲಾಖೆಯೊಂದರ ಮೇಜಿನಿಂದ ಕಣ್ತಪ್ಪಿನಿಂದ ಹೊರಟ ಒಂದು ಹಾಳೆ ಪರವಾನಗಿಯಲ್ಲಿ! ತಂದೆ ಹೇಗೆ ಸಂಪಾದಿಸಿದನೆಂದು ಕಾನೂನು ಕೇಳಿದಾಗ ಮಕ್ಕಳ ಕೈಯಲ್ಲಿ ತೋರಿಸಲು ಕಾಗದವಿರಲಿಲ್ಲ.

ಕಡಲು ತಂದುಕೊಟ್ಟ ನೋಟು

ಲೋಹ ಬೆಂಕಿಗೂ ನೀರಿಗೂ ಜಗ್ಗದು. ಕಾಗದದ ಆಯುಸ್ಸು ಅಲ್ಪ. ಬ್ಯಾಂಕಿಗೆ ಮರಳಿದ ಹಳೆಯ ನೋಟು ನಾಶವಾಗಲೇಬೇಕು. ನಮ್ಮಲ್ಲಿ ಹತ್ತು ಸಾವಿರ ರೂಪಾಯಿನ ನೋಟೊಂದು 1938ರಲ್ಲಿ ಹೊರಬಂದು 1946ರಲ್ಲಿ ರದ್ದಾಯಿತು. 1954ರಲ್ಲಿ ಮತ್ತೆ ಬಂದು 1978ರಲ್ಲಿ ಮತ್ತೆ ರದ್ದಾಯಿತು. ಇದ್ದವರೆಲ್ಲ ಅವಸರದಿಂದ ಬದಲಾಯಿಸಿಕೊಂಡದ್ದರಿಂದಲೇ ಅದು ಈಗ ದುರ್ಲಭ.

ಇದಕ್ಕಿಂತ ಸ್ವಾರಸ್ಯವಾದದ್ದು ‘ಶಿರಾಲಾ’ ಹಡಗಿನ ಕಥೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ನೋಟುಗಳು ಅಚ್ಚಾಗುತ್ತಿದ್ದುದು ಇಂಗ್ಲೆಂಡಿನಲ್ಲಿ. ಮದ್ದುಗುಂಡು, ಹಣ್ಣಿನ ಮೊರಬ್ಬ ಮುಂತಾದ ಸರಕುಗಳೊಂದಿಗೆ ನೋಟಿನ ಕಟ್ಟುಗಳನ್ನೂ ಹೊತ್ತು ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಆ ಹಡಗನ್ನು 1918ರ ಜುಲೈ 2ರಂದು ಜರ್ಮನ್ ಜಲಾಂತರ್ನೌಕೆಯೊಂದು ಮುಳುಗಿಸಿತು. ನೋಟುಗಳು ತೇಲಿ ದಡಕ್ಕೆ ಬಂದುವು. ಸಿಕ್ಕಿದುವನ್ನು ಸರ್ಕಾರ ನಾಶಪಡಿಸಿತು. ಕೆಲವು ಮಾತ್ರ ಅವರಿವರ ಕೈಯಲ್ಲಿ ಉಳಿದುವು. 1918ರ ಮೇ 25ರ ತಾರೀಖಿನ ಅಂಥ ಎರಡು ಹತ್ತು ರೂಪಾಯಿನ ನೋಟುಗಳು 2024ರಲ್ಲಿ ಲಂಡನ್ನಿನ ಹರಾಜಿಗೆ ಬಂದುವು. ಮುಂಬಯಿ ಮುಟ್ಟಿದ್ದರೆ ಅವು ಎಂದೋ ಹರಿದು ಮಣ್ಣಾಗುತ್ತಿದ್ದುವು. ಮುಳುಗಿದ್ದರಿಂದಲೇ ಬದುಕಿದುವು!

ಮನೆಯ ಡಬ್ಬಿಯ ನಾಣ್ಯ

ಅಜ್ಜಿಯ ಡಬ್ಬಿಯಲ್ಲಿ ನಾಲ್ಕಾರು ಹಳೆಯ ಕಾಸುಗಳಿಲ್ಲದ ಮನೆ ವಿರಳ. ಅಂಥವರು ಕೆಲವು ಸಂಗತಿಗಳನ್ನು ಅರಿತಿರುವುದು ಮೇಲು. ಮೊದಲನೆಯದಾಗಿ, ಹಬ್ಬದ ಪಾತ್ರೆಗಳೊಡನೆ ಹಳೆಯ ನಾಣ್ಯವನ್ನೂ ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಅದರ ಬೆಲೆಯೂ ತೊಳೆದುಹೋಗುತ್ತದೆ. ಕಾಲ ಹಾಕಿದ ಬಣ್ಣವೇ ನಾಣ್ಯಕ್ಕೆ ಶೋಭೆ. ಅಮೆರಿಕದ ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಕ್ರಮವನ್ನು ರೂಪಿಸಿದ; ಫಾರೂಕನ ನಾಣ್ಯ ಪಡೆದದ್ದು 65. ಒಂದೆರಡು ಅಂಕಗಳ ಅಂತರದಲ್ಲಿ ಬೆಲೆ ಇಮ್ಮಡಿ ಮುಮ್ಮಡಿಯಾಗುವುದುಂಟು.

ಎರಡನೆಯದಾಗಿ, ಕಾನೂನು. ಹೊಲ ಉಳುವಾಗ, ಪಾಯ ತೋಡುವಾಗ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಮೂರನೆಯದು, ಮೋಸ. ಹಳೆಯ ನೋಟಿಗೆ ಲಕ್ಷ ಕೊಡಿಸುವೆವೆಂದು ಆಸೆ ತೋರಿಸಿ, ಮೊದಲು ತೆರಿಗೆಯೆಂದೋ ದಲ್ಲಾಳಿಯೆಂದೋ ಹಣ ಕೀಳುವವರಿದ್ದಾರೆ. ತನ್ನ ಹೆಸರನ್ನೇ ಬಳಸಿ ಇಂಥ ವಂಚನೆ ನಡೆಯುತ್ತಿದೆಯೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ನಿಜವಾದ ಸಂಗ್ರಾಹಕ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಬೆಲೆಯ ಮಾತೆತ್ತುವುದಿಲ್ಲ.

ಉಳಿದದ್ದು ಕಾಗದದ ಮಾತು. ಡಬ್ಬಿಯಲ್ಲಿರುವ ನಾಣ್ಯ ಯಾರಿಂದ ಬಂತು, ಎಂದು ಬಂತು ಎಂಬುದನ್ನು ತಿಳಿದ ಹಿರಿಯರಿರುವಾಗಲೇ ನಾಲ್ಕು ಸಾಲು ಬರೆದು ಅದರೊಡನೆ ಇರಿಸುವುದು ಜಾಣತನ. ಆ ಚೀಟಿಯಿಂದ ಕೋಟಿ ಬಾರದೆ ಹೋಗಬಹುದು; ಮುತ್ತಜ್ಜ ಯಾವ ಸಂತೆಯಲ್ಲಿ ಏನು ಮಾರಿ ಆ ವರಹವನ್ನು ಮನೆಗೆ ತಂದನೆಂಬುದಾದರೂ ಮೊಮ್ಮಕ್ಕಳಿಗೆ ತಿಳಿಯುತ್ತದೆ.