ಬಯಲಿನಿಂದ ಗ್ರಾಮಸಭೆಗೆ

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಕಾನಹೊಸಹಳ್ಳಿಯ ಸುತ್ತಣ ಸೀಮೆಯಲ್ಲಿ, ಮಳೆ ವಿರಳವಾಗಿ ಬಳ್ಳಾರಿ ಜಾಲಿಯೇ ಹೇರಳವಾದ ಈ ಕೂಡ್ಲಿಗಿಯ ನೆಲದಲ್ಲಿ, ಚರಿಗೆ ಹಿಡಿದು ಬಯಲಿಗೆ ಹೋಗುವುದು ತಲೆತಲಾಂತರದಿಂದ ನಡೆದುಬಂದ ದಿನಚರಿಯಾಗಿತ್ತು. ಗಂಡಸರಿಗೆ ಅದಕ್ಕೆ ಹೊತ್ತಿನ ನಿರ್ಬಂಧವಿರಲಿಲ್ಲ. ಹೆಂಗಸರಿಗಾದರೋ ಬೆಳಕು ಹರಿಯುವ ಮುನ್ನ ಇಲ್ಲವೇ ಕತ್ತಲು ಕವಿದ ಮೇಲೆ, ಹಾವುಚೇಳುಗಳ ಭಯದೊಡನೆ ಮಾನದ ಅಂಜಿಕೆಯನ್ನೂ ಹೊತ್ತು ನಡೆಯಬೇಕಾದ ಸಂಕಟವಾಗಿತ್ತು.

ಈ ಸಂಕಟವನ್ನು ನೀಗಲು ಕೇಂದ್ರ ಸರ್ಕಾರವು 1986ರಲ್ಲಿ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮವನ್ನು ಆರಂಭಿಸಿತು. ಉದ್ದೇಶವು ಸ್ತುತ್ಯರ್ಹವೇ, ಆದರೆ ಸಹಾಯಧನದಿಂದ ಕಟ್ಟಿಸಿಕೊಟ್ಟ ಕಕ್ಕಸುಗಳಲ್ಲಿ ಅನೇಕವು ಕಟ್ಟಿಗೆ, ಕುಳ್ಳುಗಳನ್ನು ಕೂಡಿಡುವ ಕೋಣೆಗಳಾದವು. ದೂರದಿಂದ ಕೊಡ ಹೊತ್ತು ತರುವ ಗೃಹಿಣಿಯನ್ನು, ಇದಕ್ಕೆ ಬೇಕಾಗುವ ನೀರನ್ನು ಹೊರುವವರು ಯಾರೆಂದು ಮೊದಲೇ ಕೇಳಿದ್ದರೆ, ಈ ವೈಫಲ್ಯವು ಬಹುಮಟ್ಟಿಗೆ ತಪ್ಪುತ್ತಿತ್ತು.

ಹಾಗೆ ಕೇಳುವ ಪದ್ಧತಿಯ ಬೀಜಗಳು ಕರ್ನಾಟಕದ ನೆಲದಲ್ಲಿಯೇ ಮೊಳೆಯುತ್ತಿದ್ದವು. ಜನರ ಬಾಯಲ್ಲಿ ‘ನೀರ್ ಸಾಬ್’ ಆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೂ ಕೊಳವೆಬಾವಿ ತಲುಪಿಸುವುದರ ಜೊತೆಗೆ, ಅಧಿಕಾರವನ್ನೂ ಹಳ್ಳಿಯತ್ತ ತಿರುಗಿಸಲು ಶ್ರಮಿಸಿದರು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಸ್ಥಾನವಿತ್ತಿತು. ಎಂಬತ್ತರ ದಶಕದ ಕೊನೆಯಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯವರು ಹಳ್ಳಿಗರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಯಿಸಿ, ಅಕ್ಷರ ಬಾರದವರೂ ಯೋಜಕರಾಗಬಲ್ಲರೆಂಬುದನ್ನು ತೋರಿದರು. ಇದೇ ಬಗೆಯ ನಕ್ಷೆಯನ್ನು ಶೌಚದ ಪ್ರಶ್ನೆಗೆ ಅನ್ವಯಿಸಿದ ಅಭಿವೃದ್ಧಿ ತಜ್ಞ ಕಮಲ್ ಕರ್ ಅವರು, ಬಾಂಗ್ಲಾದೇಶದ ಮೊಸ್‌ಮೊಯಿಲ್ ಗ್ರಾಮದಲ್ಲಿ, ಸಹಾಯಧನದ ಆಸೆ ತೋರದೆ ಊರೇ ತನ್ನ ಕೊಳೆಯನ್ನು ಕಂಡುಕೊಂಡು ತಾನೇ ನಿರ್ಧರಿಸುವ ಮಾರ್ಗವನ್ನು ರೂಪಿಸಿದರು. ಆ ಹೊತ್ತಿಗೇ, 1999ರಲ್ಲಿ, ಭಾರತವೂ ಸಂಪೂರ್ಣ ಸ್ವಚ್ಛತಾ ಆಂದೋಲನಕ್ಕೆ ಕೈಹಾಕಿ ಜನರ ಬೇಡಿಕೆಯನ್ನು ಆಧಾರವಾಗಿಸಿಕೊಂಡಿತು.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಕಾಲದಲ್ಲಿ ವೇಗವು ಅಪೂರ್ವವಾಯಿತು. ಸಾಮಾನ್ಯ ಕುಟುಂಬಕ್ಕೆ 12,000 ರೂಪಾಯಿ, ಪರಿಶಿಷ್ಟ ಕುಟುಂಬಗಳಿಗೆ 15,000 ರೂಪಾಯಿ ಪ್ರೋತ್ಸಾಹಧನ ದೊರೆಯಿತು. 2018ರಲ್ಲಿ ಗ್ರಾಮೀಣ ಕರ್ನಾಟಕವು ಬಯಲು ಶೌಚಮುಕ್ತವೆಂದು ಘೋಷಿತವಾಯಿತು. ಆದರೆ ಕೆಲವೆಡೆ ಸೀಟಿ ಊದಿ, ನಾಚಿಸಿ ಜನರನ್ನು ಬಯಲಿನಿಂದ ಅಟ್ಟಿದ್ದೂ ಉಂಟು. ಲಜ್ಜೆಯು ಒಂದು ದಿನದ ನಡೆಯನ್ನು ತಡೆದೀತು. ಜೀವಮಾನದ ಅಭ್ಯಾಸವನ್ನು ಬೆಳೆಸಲಾರದು. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ 2016ರಲ್ಲಿ ಶಾಲಾ ಬಾಲಕಿಯೊಬ್ಬಳು ಮನೆಯಲ್ಲಿ ಶೌಚಾಲಯವಾಗಲೇಬೇಕೆಂದು ಅನ್ನ ಬಿಟ್ಟು ಕುಳಿತು ಗೆದ್ದದ್ದು, ಬದಲಾವಣೆಯ ಇಚ್ಛೆ ಮನೆಯೊಳಗಿಂದಲೇ ಹುಟ್ಟಬಲ್ಲುದೆಂಬುದಕ್ಕೆ ಸಾಕ್ಷಿ.

ಸ್ವಚ್ಛ ಭಾರತದ ಎರಡನೆಯ ಹಂತವು 2020ರಲ್ಲಿ ಮೊದಲಾದ ಮೇಲೆ ಪ್ರಶ್ನೆ ಕಟ್ಟಡದಿಂದ ಬಳಕೆಗೆ, ಬಚ್ಚಲ ನೀರಿಗೆ, ಕಸಕ್ಕೆ ಹೊರಳಿದೆ. ಗುಂಡಿ ತುಂಬಿದರೆ ಗತಿಯೇನೆಂಬ ಭಯವನ್ನೇ ನೋಡಿ: ಜೋಡಿ ಗುಂಡಿಗಳಲ್ಲಿ ಒಂದು ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿದರೆ, ಮೊದಲನೆಯದು ಕಾಲಕ್ರಮದಲ್ಲಿ ನಿರಪಾಯವಾದ ಗೊಬ್ಬರವಾಗುವುದು. ಇದನ್ನು ಗುಂಡಿ ತೋಡುವ ಗೌಂಡಿಯೇ ಸಭೆಯಲ್ಲಿ ವಿವರಿಸಿದರೆ ಭಿತ್ತಿಪತ್ರಕ್ಕಿಂತ ಹೆಚ್ಚು ನಂಬಿಕೆ ಹುಟ್ಟೀತು. ಕುಕ್ಕರಗಾಲಲ್ಲಿ ಕೂರಲಾರದ ಅಜ್ಜಿ, ಜಾಗವಿಲ್ಲದ ಕೂಲಿಕಾರ, ಗುಳೆ ಹೋಗಿ ಮರಳುವ ಸಂಸಾರ, ಆಶಾ ಕಾರ್ಯಕರ್ತೆ, ಚರಂಡಿ ತೆಗೆಯುವ ಪೌರಕಾರ್ಮಿಕ, ಇವರೆಲ್ಲರೂ ಯೋಜನೆ ಬರೆದ ಮೇಲೆ ತಿಳಿವಳಿಕೆ ಪಡೆಯಬೇಕಾದವರಲ್ಲ, ಬರೆಯುವಾಗಲೇ ಮಾತನಾಡಬೇಕಾದವರು. ಕಾನಹೊಸಹಳ್ಳಿಯಿಂದ ಹರಪನಹಳ್ಳಿ, ಹಡಗಲಿಗಳವರೆಗೆ ಪ್ರತಿ ಪಂಚಾಯಿತಿಯೂ ಸ್ವಚ್ಛತೆಯ ಲೆಕ್ಕ ಹಾಕುವ ಮುನ್ನ ಇವರನ್ನು ಕರೆದು ಮುಂದೆ ಕೂರಿಸಲಿ. ಅವರ ಮಾತನ್ನು ನಡಾವಳಿಯಲ್ಲಿ ಬರೆಯಿಸಲಿ.