ನಿಧಾನದ ನಾಟಕವನ್ನು ನೋಡುವ ಬಗೆ

ಫೋರ್ಟಿನ ನಮ್ಮ ಉಚಿತ ವಾಚನಾಲಯಕ್ಕೆ ಕೆಲಸ ಮುಗಿಸಿ ಬರುವ ಓದುಗರೊಬ್ಬರು ಕಳೆದ ತಿಂಗಳು ಪತ್ರಿಕೆಯನ್ನು ಬದಿಗಿಟ್ಟು ತಮ್ಮ ಫೋನನ್ನು ನಮ್ಮ ಮುಂದೆ ಹಿಡಿದರು. ಅವರು ಇಲ್ಲಿಯ ಒಂದು ಕ್ಯಾಂಟೀನಿನಲ್ಲಿ ದುಡಿಯುವವರು. ಸಂಸಾರ ಕುಂದಾಪುರದ ಕಡೆ. ಕಾಲೇಜು ಓದುವ ಮಗಳು ಥಾಯ್ಲೆಂಡಿನ ಟಿ.ವಿ. ಧಾರಾವಾಹಿಯೊಂದನ್ನು ಮೆಚ್ಚಿ, ತಂದೆಯೂ ನೋಡಲೆಂದು ಕಳಿಸಿದ್ದಳು. “ಎಂತದು ಮಾರಾಯ್ರೆ ಇದು? ಅರ್ಧ ಗಂಟೆಯಾದರೂ ಒಬ್ಬರನ್ನೊಬ್ಬರು ನೋಡುವುದೇ ಆಯ್ತು. ಮಗಳು ಕೇಳಿದರೆ ನಾನು ಏನು ಹೇಳಲಿ?” ಎಂದರು. ವಾರಕ್ಕೊಮ್ಮೆ ಮಾತ್ರ ಸಾವಕಾಶವಾಗಿ ಮಾತನಾಡಲು ಸಿಗುವ ಮಗಳೊಡನೆ ಆಡಲು ಮಾತಿಲ್ಲವೆಂದರೆ ಅದು ಸಣ್ಣ ಸಂಗತಿಯಲ್ಲ. ಆದುದರಿಂದ ನಾವು ಕೆಲವರು ಕುಳಿತು ಅದನ್ನು ಪೂರ್ತಿ ನೋಡಿದೆವು. ತಿಳಿದದ್ದನ್ನು ವಾಚಕರಿಗೆ ಅರಿಕೆ ಮಾಡುತ್ತೇವೆ.

ಧಾರಾವಾಹಿಯ ಹೆಸರು ‘ಬುಪ್ಪೇಸನ್ನಿವಾತ್’. ಕಿವಿಗೆ ಪರಕೀಯವೆನಿಸಿದರೂ ಇದು ಪಾಲಿ ಭಾಷೆಯ ‘ಪುಬ್ಬೇ ಸನ್ನಿವಾಸ’. ಹಿಂದಿನ ಜನ್ಮದಲ್ಲಿ ಒಟ್ಟಿಗೆ ಬಾಳಿದ್ದು ಎಂದರ್ಥ. ನಾವು ಋಣಾನುಬಂಧ ಎನ್ನುವುದಕ್ಕೆ ಬಹಳ ಹತ್ತಿರ. ರೊಂಪೇಂಗ್ ಎಂಬ ಲೇಖಕಿಯ ಕಾದಂಬರಿಯನ್ನು ಆಧರಿಸಿದ ಇದು 2018ರ ಫೆಬ್ರವರಿಯಿಂದ ಏಪ್ರಿಲ್ ವರೆಗೆ ಬ್ಯಾಂಕಾಕಿನ ಚಾನೆಲ್ 3ರಲ್ಲಿ ಬಂತು. ಇಂದಿನ ಕಾಲದ ವಿದ್ಯಾರ್ಥಿನಿಯೊಬ್ಬಳು ಅಪಘಾತದಲ್ಲಿ ಸತ್ತು, ಅವಳ ಜೀವ ನಾರಾಯ್ ಅರಸನ (1656–1688) ಕಾಲದ ಕಾರಕೇತ್ ಎಂಬ ದುಷ್ಟ ಹೆಣ್ಣಿನ ದೇಹವನ್ನು ಸೇರುತ್ತದೆ. ಆಗಿನ ರಾಜಧಾನಿಯ ಹೆಸರು ಅಯುತ್ಥಯಾ, ಅಂದರೆ ನಮ್ಮ ಅಯೋಧ್ಯೆಯೇ. ಅವಳಿಗೆ ಗೊತ್ತುಮಾಡಿದ ವರನಾದ ದೇತ್ ಅವಳನ್ನು ಕಂಡರೆ ಮುಖ ತಿರುಗಿಸುವವನು. ಅವನ ಮನಸ್ಸು ಇಷ್ಟಿಷ್ಟೇ ತಿರುಗುವುದೇ ಕಥೆ.

ಇಷ್ಟಕ್ಕೆ ಅಷ್ಟು ಹೊತ್ತು ಬೇಕೆ? ನಮ್ಮ ಊರವರು ಯಕ್ಷಗಾನವನ್ನು ನೆನೆಯಬೇಕು. ಒಡ್ಡೋಲಗದಲ್ಲಿ ವೇಷಧಾರಿ ರಂಗಕ್ಕೆ ಬರಲು ಎಷ್ಟು ಹೊತ್ತಾದರೂ ಯಾರೂ ಬೇಸರಪಡುವುದಿಲ್ಲ. ಬಂದವನು ಯಾರು, ಎಂಥವನು ಎಂಬುದನ್ನು ಕುಣಿತವೇ ಹೇಳುತ್ತಿರುತ್ತದೆ. ಅದನ್ನು ಓದಲು ನಮ್ಮ ಕಣ್ಣು ಕಲಿತಿದೆ. ಥಾಯ್ ಧಾರಾವಾಹಿಯಲ್ಲಿ ಏನನ್ನು ಓದಬೇಕೆಂದು ಕಣ್ಣಿಗೆ ತಿಳಿಯದ್ದರಿಂದ ಏನೂ ನಡೆಯುತ್ತಿಲ್ಲವೆಂದು ತೋರುತ್ತದೆ, ಅಷ್ಟೆ.

ಓದಬೇಕಾದುದು ಮುಖ್ಯವಾಗಿ ಎರಡು. ಮೊದಲನೆಯದು ಕೈ. ನಮ್ಮ ನಮಸ್ಕಾರದಂತೆ ಅವರಿಗೂ ‘ವಾಯ್’ ಎಂಬ ವಂದನೆಯಿದೆ. ಎದುರಿಗಿರುವವರು ಹಿರಿಯರಾದಷ್ಟೂ ಜೋಡಿಸಿದ ಕೈ ಮೇಲೇರುತ್ತದೆ, ತಲೆ ಬಾಗುತ್ತದೆ. ಯಾರು ಯಾರಿಗೆ ಹೇಗೆ ಕೈಮುಗಿದರು, ಯಾರು ನೆಲದ ಮೇಲೆ ಕುಳಿತರು ಎಂಬುದನ್ನು ಗಮನಿಸಿದರೆ ಮಾತಿಲ್ಲದ ದೃಶ್ಯವೂ ಮಾತನಾಡುತ್ತದೆ.

ಎರಡನೆಯದು ಸಂಬೋಧನೆ. ಪರದೆಯ ಅಡಿಯಲ್ಲಿ ಬರುವ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲರಿಗೂ ಒಂದೇ ‘ಯೂ’. ಮೂಲದಲ್ಲಿ ಹಾಗಿಲ್ಲ. ನೀವು ಎನ್ನುತ್ತಿದ್ದವರು ನೀನು ಎಂದರೆ ನಮ್ಮ ಮನೆಗಳಲ್ಲಿ ಏನಾಯಿತೆಂದು ಎಲ್ಲರಿಗೂ ತಿಳಿಯುತ್ತದಷ್ಟೆ? ಇಲ್ಲಿ ದೇತ್ ಅವಳನ್ನು ‘ಓಜಾವ್’ ಎಂಬ ಹಳೆಯ ಮಾತಿನಿಂದ ಕರೆಯುತ್ತಾನೆ. ಮೊದಲು ತಿರಸ್ಕಾರದಿಂದ ಬಂದ ಅದೇ ಮಾತು ಬರಬರುತ್ತ ಮೆತ್ತಗಾಗುತ್ತದೆ. 2018ರಲ್ಲಿ ಥಾಯ್ಲೆಂಡಿನಲ್ಲೆಲ್ಲ ಈ ಮಾತು ಜನರ ಬಾಯಲ್ಲಿತ್ತು. ಅವಳು ಅವನನ್ನು ‘ಖುನ್ ಪೀ’ ಎನ್ನುತ್ತಾಳೆ. ‘ಪೀ’ ಎಂದರೆ ಒಡಹುಟ್ಟಿದ ಹಿರಿಯರು. ಆದರೆ ಪ್ರಿಯನನ್ನೂ ಗಂಡನನ್ನೂ ಹಾಗೆ ಕರೆಯುವುದುಂಟು. ಅಣ್ಣ ಎಂದು ಅರ್ಥಮಾಡಿದರೆ ಕಥೆಯೇ ಕೆಟ್ಟೀತು!

ನಿಧಾನ ಬೇರೆ, ಎಳೆತ ಬೇರೆ ಎಂಬುದನ್ನೂ ಹೇಳಬೇಕು. ನಮ್ಮ ಎಷ್ಟೋ ದಿನವಹಿ ಧಾರಾವಾಹಿಗಳು ನೋಡುವವರು ಇರುವ ತನಕ ಮುಂದುವರಿಯುತ್ತವೆ. ಕೊನೆ ಎಲ್ಲಿಯೆಂದು ಬರೆಯುವವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಒಂದು ಮಾತಿಗೆ ಆರು ಮುಖಗಳನ್ನು ತೋರಿಸಿ ಹೊತ್ತು ಕಳೆಯುತ್ತಾರೆ. ‘ಬುಪ್ಪೇಸನ್ನಿವಾತ್’ ಬುಧವಾರ, ಗುರುವಾರಗಳಂದು ಬಂದು ಹದಿನೈದು ಕಂತುಗಳಲ್ಲಿ ಮುಗಿಯಿತು. ಕೊನೆ ಗೊತ್ತಿದ್ದವರ ನಿಧಾನಕ್ಕೆ ಗುರಿಯಿರುತ್ತದೆ. ಆಗುಂಬೆಯಲ್ಲಿ ಚಿತ್ರಿಸಿದ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಈ ಬಗೆ ಹೊಸತಲ್ಲ. ಹಾಗೆಂದು ಥಾಯ್ ಧಾರಾವಾಹಿಗಳೆಲ್ಲ ಉತ್ತಮವೆಂದಲ್ಲ. ಅಸೂಯೆ, ಕಿರಿಚಾಟ, ಕಪಾಳಮೋಕ್ಷಗಳಿಂದಲೇ ನಡೆಯುವವೂ ಅಲ್ಲಿ ಬೇಕಾದಷ್ಟಿವೆ.

ಇನ್ನು ವಿರಹ. ಅಯುತ್ಥಯಾದ ರಾಯಭಾರಿ ಕೋಸಾ ಪಾನ್ ಫ್ರಾನ್ಸಿಗೆ ಹೋದದ್ದು ಚರಿತ್ರೆ. 1685ರ ಡಿಸೆಂಬರಿನಲ್ಲಿ ಹೊರಟವನು 1686ರ ಸೆಪ್ಟೆಂಬರಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾಲ್ಕನೆಯ ಲೂಯಿಯನ್ನು ಕಂಡು, 1687ರಲ್ಲಿ ಹಿಂದಿರುಗಿದನು. ಕಥೆಯಲ್ಲಿ ದೇತ್ ಕೂಡ ಆ ಹಡಗನ್ನು ಏರುತ್ತಾನೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಅಂಚೆಯ ಕಾರ್ಡಿಗೆ ಕಾದು ಈ ಫೋರ್ಟಿನಲ್ಲಿ ಬಾಳು ಸವೆಸಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇದೇ ಜಾತಿಯ ಇನ್ನೊಂದು ಕಥೆ ತೊಮ್ಮಯಂತಿ ಎಂಬ ಲೇಖಕಿಯ ‘ಖು ಕಮ್’. ‘ಜೋಡಿ ಕರ್ಮ’ ಎಂದರ್ಥ. ಟಿ.ವಿ.ಯಲ್ಲಿ ಹಲವು ಸಲ ಬಂದಿದ್ದರೂ 1990ರದ್ದು ಹೆಚ್ಚು ಪ್ರಸಿದ್ಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಯ್ ಹೆಣ್ಣೊಬ್ಬಳು ಜಪಾನಿ ಅಧಿಕಾರಿಯನ್ನು ಮದುವೆಯಾಗುತ್ತಾಳೆ. ಅವನು ದೇಶವನ್ನು ಹೊಕ್ಕ ಸೈನ್ಯದವನಾದ್ದರಿಂದ ತನ್ನ ಪ್ರೀತಿಯನ್ನು ನುಂಗಿಕೊಂಡಿರುತ್ತಾಳೆ. ಬಾಂಬಿಗೆ ಸಿಕ್ಕಿ ಅವನು ಸಾಯುವ ಹೊತ್ತಿಗೆ ಆ ಒಂದು ಮಾತು ಹೊರಬರುತ್ತದೆ. ಅಷ್ಟು ದೀರ್ಘ ಕಥೆ ನಿಂತಿರುವುದು ಆಡದೆ ಉಳಿದ ಆ ಮಾತಿನ ಮೇಲೆ.

ಕ್ಯಾಂಟೀನಿನ ನಮ್ಮ ಸ್ನೇಹಿತರಿಗೆ ಇವಿಷ್ಟನ್ನೂ ಹೇಳಿದೆವು. ಅವರು ದಿನಕ್ಕೆ ಅರ್ಧ ಗಂಟೆಯಂತೆ ನೋಡಿ, ‘ಹಡಗು ಹೊರಡುವಲ್ಲಿಯ ತನಕ ಬಂದೆ’ ಎಂದು ಮಗಳಿಗೆ ತಿಳಿಸಿದರಂತೆ. ಆ ದಿನ ತಂದೆ ಮಗಳ ಮಾತು ಮುಕ್ಕಾಲು ಗಂಟೆ ನಡೆಯಿತು. ಮುಂದಿನದನ್ನು ನಾವು ಮೊದಲೇ ಹೇಳಬಾರದೆಂದು ಅವರ ಕಟ್ಟಪ್ಪಣೆಯಾಗಿದೆ.