ರಾಗಿ ಮುದ್ದೆಗೆ ಬೀಳ್ತಿದ್ದ ದೈತ್ಯ ಮೀನು

1946. ಕಬಿನಿ ನದಿ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ ಮೀನಿನ ತೂಕ 120 ಪೌಂಡ್, ಅಂದ್ರೆ ಸುಮಾರು 54 ಕೆಜಿ! ಒಬ್ಬ ಆಳಿನಷ್ಟು ತೂಕ.

ಆಮೇಲೆ ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ. ಕಾವೇರಿಯ ಈ ಮಡುಗಳಿಗೆ ವಿದೇಶದವರು ದುಬಾರಿ ರಾಡು, ರೀಲು ಹೊತ್ತು ಬರ್ತಿದ್ರು. ಗಾಳಕ್ಕೆ ಮಾತ್ರ ಹೆಚ್ಚಿನವರಿಗೆ ನಮ್ಮ ರಾಗಿ ಮುದ್ದೆನೇ ಆಗ್ಬೇಕಿತ್ತು! ಹಿಟ್ಟು ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಕೊಕ್ಕೆ ಸುತ್ತ ಒತ್ತೋದು. ಸೆಳವಿಗೆ ಕರಗಬಾರದು, ಮೀನಿನ ಬಾಯಲ್ಲಿ ಮಾತ್ರ ಒಡೀಬೇಕು. ಅಲ್ಲೇ ಇರೋದು ಕೈಚಳಕ.

ಮಹಶೀರ್ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರೋದು ಗಂಟಲಲ್ಲಿ. ಏಡಿ, ಬಸವನಹುಳು ಎಲ್ಲಾ ಅಲ್ಲೇ ಪುಡಿಪುಡಿ. ಗಾಳ ಕಚ್ಚಿದ್ರೆ ಸೀದಾ ಬಂಡೆ ಸಂದಿಗೆ ನುಗ್ಗುತ್ತೆ. ಹರಿಗೋಲು ಹತ್ತಿ ಬೆನ್ನಟ್ಟಬೇಕಿತ್ತು. ಮೀನು ಸಿಕ್ಕಿದ್ರೆ ತೂಕ ನೋಡಿ, ಫೋಟೊ ತೆಗೆದು, ವಾಪಸ್ ಹೊಳೆಗೆ. ಅಲ್ಲಿನ ಗಾಳದ ಕ್ಯಾಂಪುಗಳ ನಿಯಮ ಅದಾಗಿತ್ತು.

ಡುಬ್ಬ ಬೆನ್ನಿನ ಈ ಮಹಶೀರ್ ಕಾವೇರಿ ಕೊಳ್ಳ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ. 2018ರಿಂದ ಇದು ಅಳಿವಿನಂಚಿನ ಪಟ್ಟಿಯಲ್ಲಿದೆ. ಮೀನು ಹಿಡಿಯೋಕೆ ಹೊಳೆಗೆ ಡೈನಮೈಟ್ ಎಸೆಯೋರು ಕಂಡ್ರೆ, ದಯವಿಟ್ಟು ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.